ಸೋಲೂರು ಹೋಬಳಿ ಮತ್ತು ಸ್ತನ ಕ್ಯಾನ್ಸರ್‌ನ ಕೌಟುಂಬಿಕ ಇತಿಹಾಸ: ದಾಖಲೆ, ದರ, ರಕ್ತಸಂಬಂಧದ ಲೆಕ್ಕ

1. ವ್ಯಾಪ್ತಿ

ತಾಯಿಗೋ ಅಕ್ಕನಿಗೋ ಅಜ್ಜಿಗೋ ಸ್ತನ ಕ್ಯಾನ್ಸರ್ ಬಂದಿದ್ದರೆ ಹೆಣ್ಣುಮಗಳೊಬ್ಬಳಿಗೆ ಅದೇ ರೋಗ ಬರುವ ಸಂಭವ ಎಷ್ಟು ಎಂಬ ಪ್ರಶ್ನೆಗೆ ಪ್ರಕಟಿತ ಅಂಕಿಗಳು ಹಲವಿವೆ. ಅವು ಬೇರೆ ಬೇರೆ ಜನಸಮೂಹಗಳಿಂದ, ಬೇರೆ ಬೇರೆ ಆಯ್ಕೆಯ ನಿಯಮಗಳಡಿ ಬಂದವು. ಮಾಗಡಿ ತಾಲ್ಲೂಕಿನ ಸೋಲೂರು ಹೋಬಳಿಯ ಮನೆತನವೊಂದಕ್ಕೆ ಆ ಅಂಕಿಗಳನ್ನು ಅನ್ವಯಿಸಬೇಕಾದರೆ ಯಾವ ತಿದ್ದುಪಡಿಗಳು ಅಗತ್ಯ ಎಂಬುದಷ್ಟೇ ಈ ಟಿಪ್ಪಣಿಯ ವಿಷಯ. ಇಲ್ಲಿ ಹೊಸ ರೋಗಿಗಳ ಮಾಹಿತಿ ಇಲ್ಲ. ಪ್ರಕಟಿತ ಸಂಖ್ಯೆಗಳ ಮರು ಓದು ಮತ್ತು ಸಂಭವನೀಯತೆಯ ಸರಳ ಲೆಕ್ಕ ಮಾತ್ರ ಇವೆ. ವಿಶ್ವಾಸಾಂತರ ಕೊಟ್ಟಿರುವ ಕಡೆ, ಮೂಲ ಅಧ್ಯಯನದ್ದೆಂದು ಹೇಳದಿದ್ದರೆ, ಅದು ವಿಲ್ಸನ್ ವಿಧಾನದಿಂದ ಇಲ್ಲಿಯೇ ಲೆಕ್ಕ ಹಾಕಿದ್ದು.

2. ಸ್ಥಳ ಮತ್ತು ನೋಂದಣಿಯ ಗಡಿ

2.1. ಸೋಲೂರು ನೆಲಮಂಗಲ ಮತ್ತು ಕುಣಿಗಲ್ ನಡುವೆ, ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿದೆ. ಮಾಗಡಿ ತಾಲ್ಲೂಕು 1986ರ ವರೆಗೆ ಅವಿಭಜಿತ ಬೆಂಗಳೂರು ಜಿಲ್ಲೆಗೆ ಸೇರಿತ್ತು. ಆ ವರ್ಷ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ, 2007ರಲ್ಲಿ ಹೊಸ ರಾಮನಗರ ಜಿಲ್ಲೆಗೆ ಸೇರಿತು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಆಸ್ಪತ್ರೆಯ ದಾಖಲೆಗಳಿಂದ ವಂಶವೃಕ್ಷ ಕಟ್ಟುವವರಿಗೆ ಈ ಬದಲಾವಣೆ ಸಣ್ಣದಲ್ಲ. ಒಂದೇ ಮನೆಯ ಅಜ್ಜಿ 1984ರಲ್ಲಿ, ಮಗಳು 1998ರಲ್ಲಿ, ಮೊಮ್ಮಗಳು 2015ರಲ್ಲಿ ಚಿಕಿತ್ಸೆಗೆ ಬಂದಿದ್ದರೆ ಮೂವರ ವಿಳಾಸದಲ್ಲಿ ಮೂರು ಜಿಲ್ಲೆಗಳಿರುತ್ತವೆ. ಜಿಲ್ಲೆಯ ಕಾಲಂ ಹಿಡಿದು ವಿಂಗಡಿಸಿದರೆ ಆ ಮೂವರೂ ಒಂದೇ ಊರಿನವರೆಂಬುದು ಕಾಣುವುದಿಲ್ಲ. ಹೋಲಿಕೆಗೆ ಊರು ಮತ್ತು ಹೋಬಳಿಯ ಹೆಸರನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು.

2.2. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 1981ರಲ್ಲಿ ರೂಪುಗೊಂಡಿತು. ಅದರಡಿ ಬೆಂಗಳೂರಿನ ಜನಸಂಖ್ಯಾಧಾರಿತ ನೋಂದಣಿ 1982ರ ಜನವರಿಯಿಂದ, ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು ನಡೆಯುತ್ತಿದೆ. ಇದರ ವ್ಯಾಪ್ತಿ ಬೆಂಗಳೂರು ನಗರ ಸಮುಚ್ಚಯ, ಮತ್ತು ಅಲ್ಲಿ ಕನಿಷ್ಠ ಒಂದು ವರ್ಷ ವಾಸವಿದ್ದವರನ್ನು ಮಾತ್ರ ನಿವಾಸಿಗಳೆಂದು ಎಣಿಸಲಾಗುತ್ತದೆ. ಸೋಲೂರು ಈ ಗಡಿಯ ಹೊರಗಿದೆ. ಹಾಗಾಗಿ ಸೋಲೂರಿನ ಮಹಿಳೆ ಹೊಸೂರು ರಸ್ತೆಯ ಕಿದ್ವಾಯಿಗೆ ಬಂದು ಚಿಕಿತ್ಸೆ ಪಡೆದರೆ ಆಸ್ಪತ್ರೆಯ ಎಣಿಕೆಗೆ ಸೇರುತ್ತಾಳೆ, ‘ಬೆಂಗಳೂರಿನ ದರ’ಕ್ಕೆ ಸೇರುವುದಿಲ್ಲ. ಕೆಲಸಕ್ಕೆಂದು ಪೀಣ್ಯಕ್ಕೆ ಹೋಗಿ ವರ್ಷ ಕಳೆದ ಅವಳ ತಂಗಿ ಆ ದರಕ್ಕೆ ಸೇರುತ್ತಾಳೆ. ಇಬ್ಬರೂ ಒಂದೇ ತಂದೆ-ತಾಯಿಯ ಮಕ್ಕಳು.

2.3. 2020ರಲ್ಲಿ ಪ್ರಕಟವಾದ ರಾಷ್ಟ್ರೀಯ ವರದಿಯ ಪ್ರಕಾರ 2012–14ರ ಅವಧಿಯಲ್ಲಿ ಬೆಂಗಳೂರಿನ ಸ್ತನ ಕ್ಯಾನ್ಸರ್‌ನ ವಯೋಹೊಂದಿಕೆಯ ದರ ಒಂದು ಲಕ್ಷ ಮಹಿಳೆಯರಿಗೆ 40.5. ಗ್ರಾಮೀಣ ನೋಂದಣಿಗಳಲ್ಲಿ, ಉದಾಹರಣೆಗೆ ಮಹಾರಾಷ್ಟ್ರದ ಬಾರ್ಶಿಯಲ್ಲಿ, ದರ ಸ್ಪಷ್ಟವಾಗಿ ಕಡಿಮೆ. ಸೋಲೂರಿನ ನಿಜವಾದ ದರ ಈ ಎರಡರ ನಡುವೆ ಎಲ್ಲೋ ಇರಬಹುದೆಂದು ಊಹಿಸುವುದು ಸಮಂಜಸ, ಆದರೆ ಅದು ಊಹೆಯೇ. ನಗರ ಮತ್ತು ಹಳ್ಳಿಗಳ ನಡುವಣ ಈ ಅಂತರವನ್ನು ವಂಶವಾಹಿಗಳಿಂದ ವಿವರಿಸುವುದು ಕಷ್ಟ. ನಗರದ ಜನಸಂಖ್ಯೆಯಲ್ಲಿ ದೊಡ್ಡ ಪಾಲು ಒಂದೆರಡು ತಲೆಮಾರಿನ ಹಿಂದೆ ಹಳ್ಳಿಗಳಿಂದಲೇ ಬಂದದ್ದು.

3. ಮೂರು ಬೇರೆ ಪ್ರಶ್ನೆಗಳು

ಕೌಟುಂಬಿಕ ಇತಿಹಾಸದ ಚರ್ಚೆಯಲ್ಲಿ ಮೂರು ಪ್ರಮಾಣಗಳು ಆಗಾಗ ಒಂದರ ಜಾಗದಲ್ಲಿ ಇನ್ನೊಂದು ಬಳಕೆಯಾಗುತ್ತವೆ. (ಅ) ಹತ್ತಿರದ ಸಂಬಂಧಿಗೆ ರೋಗವಿದ್ದ ಮಹಿಳೆಗೆ ರೋಗ ಬರುವ ಸಂಭವ. (ಆ) ರೋಗ ಬಂದು ಕೌಟುಂಬಿಕ ಇತಿಹಾಸವೂ ಇರುವ ಮಹಿಳೆಯಲ್ಲಿ ನಿರ್ದಿಷ್ಟ ವಂಶವಾಹಿಯ ದೋಷ ಸಿಗುವ ಸಂಭವ. (ಇ) ದೋಷ ಇರುವುದು ಖಚಿತವಾದ ಮಹಿಳೆಗೆ ಜೀವಿತಾವಧಿಯಲ್ಲಿ ರೋಗ ಬರುವ ಸಂಭವ. ಮೊದಲನೆಯದರ ಬಗ್ಗೆ ಇದೇ ಭಾಗದಲ್ಲಿ, ಎರಡನೆಯದರ ಬಗ್ಗೆ 4ನೇ, ಮೂರನೆಯದರ ಬಗ್ಗೆ 6ನೇ ಭಾಗದಲ್ಲಿ ನೋಡಲಾಗಿದೆ.

(ಅ)ಗೆ ಅತ್ಯಂತ ವ್ಯಾಪಕ ಆಧಾರ 2001ರಲ್ಲಿ ‘ದಿ ಲ್ಯಾನ್ಸೆಟ್’ ಪ್ರಕಟಿಸಿದ ಸಹಯೋಗಿ ವಿಶ್ಲೇಷಣೆ. ಇದು 52 ಅಧ್ಯಯನಗಳ, ರೋಗವಿದ್ದ 58,209 ಮತ್ತು ರೋಗವಿಲ್ಲದ 1,01,986 ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿತು. ತಾಯಿ, ಒಡಹುಟ್ಟಿದ ಸೋದರಿ, ಮಗಳು ಇವರಲ್ಲಿ ಒಬ್ಬರಿಗೆ ರೋಗವಿದ್ದರೆ ಸಾಪೇಕ್ಷ ಅಪಾಯ 1.80, ಇಬ್ಬರಿಗಿದ್ದರೆ 2.93, ಮೂವರು ಅಥವಾ ಹೆಚ್ಚು ಮಂದಿಗಿದ್ದರೆ 3.90. ಅದೇ ವಿಶ್ಲೇಷಣೆಯ ಇನ್ನೊಂದು ಫಲಿತಾಂಶ ಅಷ್ಟಾಗಿ ಉಲ್ಲೇಖವಾಗುವುದಿಲ್ಲ: ರೋಗ ಬಂದ 9 ಮಹಿಳೆಯರಲ್ಲಿ 8 ಮಂದಿಗೆ ಅಂಥ ಮೊದಲ ಹಂತದ ರೋಗಿ ಸಂಬಂಧಿ ಇರಲಿಲ್ಲ. ‘ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ’ ಎಂಬ ಕಾರಣಕ್ಕೆ ಎದೆಯ ಗಂಟನ್ನು ಕಡೆಗಣಿಸುವುದಕ್ಕೆ ಈ ಸಂಖ್ಯೆ ಯಾವ ಆಧಾರವನ್ನೂ ಉಳಿಸುವುದಿಲ್ಲ.

ಸಾಪೇಕ್ಷ ಅಪಾಯವನ್ನು ನೈಜ ಅಪಾಯವಾಗಿ ಪರಿವರ್ತಿಸಲು ಮೂಲದರ ಬೇಕು. 2020ರ ರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ 74 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಂಭವ 29 ಮಹಿಳೆಯರಲ್ಲಿ ಒಬ್ಬರಿಗೆ, ಅಂದರೆ ಸುಮಾರು 3.4 ಪ್ರತಿಶತ. ಇದನ್ನು 1.80ರಿಂದ ಗುಣಿಸಿದರೆ ಸುಮಾರು 6 ಪ್ರತಿಶತ ಬರುತ್ತದೆ. ಇಂಥ ಒಬ್ಬ ಸಂಬಂಧಿಗೆ ರೋಗವಿದ್ದಾಗ ‘ಲ್ಯಾನ್ಸೆಟ್’ ವಿಶ್ಲೇಷಣೆ ಅಭಿವೃದ್ಧ ದೇಶಗಳಿಗೆ ಕೊಟ್ಟ ಜೀವಿತಾವಧಿಯ ಅಂದಾಜು 13.3 ಪ್ರತಿಶತ. ಗುಣಕ ಒಂದೇ ಆದರೂ ಮೂಲದರ ಬೇರೆಯಾದ್ದರಿಂದ, ವಯೋಮಿತಿಯೂ ಬೇರೆಯಾದ್ದರಿಂದ, ಉತ್ತರ ಅರ್ಧಕ್ಕೂ ಕಡಿಮೆಯಾಗುತ್ತದೆ. ಮೂಲದರ ಏರಿದಂತೆ ಇದೂ ಏರುತ್ತದೆ. ಇಲ್ಲಿನ 6 ಪ್ರತಿಶತವನ್ನು ಸ್ಥಿರ ಸಂಖ್ಯೆಯೆಂದು ತೆಗೆದುಕೊಳ್ಳಬಾರದು. ಸಂಬಂಧಿಗೆ ರೋಗ ಬಂದ ವಯಸ್ಸು ಕಡಿಮೆಯಿದ್ದಷ್ಟೂ ಗುಣಕ ಹೆಚ್ಚು ಎಂಬುದನ್ನೂ ಜತೆಗೆ ಓದಿಕೊಳ್ಳಬೇಕು.

ಒಟ್ಟು ಅಪಾಯದಲ್ಲಿ ಆನುವಂಶಿಕತೆಯ ಪಾಲು ಎಷ್ಟೆಂಬುದಕ್ಕೆ ಸ್ವೀಡನ್, ಡೆನ್ಮಾರ್ಕ್ ಮತ್ತು ಫಿನ್‌ಲೆಂಡಿನ 44,788 ಅವಳಿ ಜೋಡಿಗಳ ಅಧ್ಯಯನ (2000) 27 ಪ್ರತಿಶತವೆಂಬ ಅಂದಾಜು ಕೊಟ್ಟಿತು. ಈ ಬಗೆಯ ಸಂಖ್ಯೆ ಆಯಾ ಜನಸಮೂಹಕ್ಕೆ, ಆಯಾ ಕಾಲಕ್ಕೆ ಸೀಮಿತ.

4. 61 ರೋಗಿಗಳ ಅಧ್ಯಯನ (2009)

4.1. ಹಿನ್ನೆಲೆ ಚಿಕ್ಕದಾಗಿ. ಪ್ಯಾರಿಸ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ 1866ರಲ್ಲಿ ತಮ್ಮ ಪತ್ನಿಯ ಮನೆತನದ ಹಲವು ತಲೆಮಾರುಗಳ ಕ್ಯಾನ್ಸರ್ ಸಾವುಗಳನ್ನು ದಾಖಲಿಸಿದರು. 1990ರಲ್ಲಿ ಮೇರಿ-ಕ್ಲೇರ್ ಕಿಂಗ್ ಅವರ ತಂಡ ಎಳೆಯ ವಯಸ್ಸಿನಲ್ಲಿ ಬರುವ ಕೌಟುಂಬಿಕ ಸ್ತನ ಕ್ಯಾನ್ಸರ್‌ನ ಸಂಬಂಧವನ್ನು 17ನೇ ವರ್ಣತಂತುವಿಗೆ ಗುರುತಿಸಿತು. ಬಿಆರ್‌ಸಿಎ1 ವಂಶವಾಹಿ 1994ರಲ್ಲಿ, 13ನೇ ವರ್ಣತಂತುವಿನ ಬಿಆರ್‌ಸಿಎ2 1995ರಲ್ಲಿ ಪ್ರತ್ಯೇಕಗೊಂಡವು. ಎರಡೂ ಡಿಎನ್‌ಎಯ ಎರಡೆಳೆಗಳು ತುಂಡಾದಾಗ ಅದನ್ನು ದುರಸ್ತಿ ಮಾಡುವ ಕ್ರಿಯೆಗೆ ಸೇರಿದವು.

4.2. ಸೋಲೂರಿಗೆ ಸಮೀಪದ ಆಧಾರವೆಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಅವರ ತಂಡ 2009ರಲ್ಲಿ ‘ಜರ್ನಲ್ ಆಫ್ ಬಯೋಸೈನ್ಸಸ್’ನಲ್ಲಿ ಪ್ರಕಟಿಸಿದ ಲೇಖನ (ಮೊದಲ ಲೇಖಕರು ವೈದ್ಯನಾಥನ್). ಕೌಟುಂಬಿಕ ಇತಿಹಾಸವಿದ್ದ, ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದ ದಕ್ಷಿಣ ಭಾರತದ 61 ರೋಗಿಗಳಲ್ಲಿ 17 ಮಂದಿಗೆ ದೋಷ ಕಂಡುಬಂತು: ಬಿಆರ್‌ಸಿಎ1ರಲ್ಲಿ 15, ಬಿಆರ್‌ಸಿಎ2ರಲ್ಲಿ 2. ಪ್ರಮಾಣ 27.9 ಪ್ರತಿಶತ, ವಿಶ್ವಾಸಾಂತರ 18.2ರಿಂದ 40.2.

4.3. ಕುಟುಂಬದ ಬಗೆಯಂತೆ ವಿಂಗಡಿಸಿದಾಗ ಅಂಡಾಶಯದ ಕ್ಯಾನ್ಸರ್ ಇದ್ದ ಕುಟುಂಬಗಳಲ್ಲಿ 10ಕ್ಕೆ 4, ಎರಡೂ ಇದ್ದ ಕುಟುಂಬಗಳಲ್ಲಿ 12ಕ್ಕೆ 4, ಸ್ತನ ಕ್ಯಾನ್ಸರ್ ಮಾತ್ರ ಇದ್ದವುಗಳಲ್ಲಿ 39ಕ್ಕೆ 9. ಮೂರನ್ನೂ ಕೂಡಿದರೆ 61ಕ್ಕೆ 17, ಲೆಕ್ಕ ಕೂಡುತ್ತದೆ. ಅಂಡಾಶಯದ ಕ್ಯಾನ್ಸರ್ ಇದ್ದ ಕಡೆ ದೋಷ ಹೆಚ್ಚು ಎಂಬ ಲೇಖಕರ ಅವಲೋಕನ ಬೇರೆ ದೇಶಗಳ ಅನುಭವಕ್ಕೆ ಹೊಂದುತ್ತದೆ. ಆದರೆ ವಿಶ್ವಾಸಾಂತರಗಳು ಅನುಕ್ರಮವಾಗಿ 16.8–68.7, 13.8–60.9 ಮತ್ತು 12.6–38.3 ಪ್ರತಿಶತ. ಮೂರೂ ಒಂದರ ಮೇಲೊಂದು ಬರುತ್ತವೆ. ಈ ಮಾದರಿಯೊಂದರಿಂದಲೇ ಏರಿಕೆಯನ್ನು ಸ್ಥಾಪಿಸಲಾಗದು.

4.4. ಬಳಸಿದ ವಿಧಾನ ಜೆಲ್ ಆಧಾರಿತ ಶೋಧ, ಬಳಿಕ ಅನುಕ್ರಮ ನಿರ್ಣಯ. ಇಂಥ ಶೋಧದಲ್ಲಿ ವಂಶವಾಹಿಯ ದೊಡ್ಡ ಭಾಗವೇ ಅಳಿದ ಅಥವಾ ಇಮ್ಮಡಿಸಿದ ದೋಷಗಳು ಸಾಮಾನ್ಯವಾಗಿ ತಪ್ಪಿಹೋಗುತ್ತವೆ. ಆದ್ದರಿಂದ 17 ಎಂಬುದನ್ನು ಕನಿಷ್ಠ ಸಂಖ್ಯೆಯೆಂದು ಓದುವುದು ಸೂಕ್ತ. ಹೋಲಿಕೆಗೆ: ಹಲವು ವಂಶವಾಹಿಗಳನ್ನು ಒಟ್ಟಿಗೆ ಪರೀಕ್ಷಿಸಿ 2018ರಲ್ಲಿ ಪ್ರಕಟವಾದ, ಬೆಂಗಳೂರಿನ ಪ್ರಯೋಗಾಲಯವೊಂದರ ಅಧ್ಯಯನದಲ್ಲಿ 1,010 ಭಾರತೀಯ ರೋಗಿಗಳಲ್ಲಿ 304 ಮಂದಿಗೆ (30.1 ಪ್ರತಿಶತ) ದೋಷ ಸಿಕ್ಕಿತು, ಅವರಲ್ಲಿ 258 ಬಿಆರ್‌ಸಿಎ1 ಅಥವಾ 2, ಉಳಿದ 46 ಬೇರೆ ವಂಶವಾಹಿಗಳು. ಎರಡು ಅಧ್ಯಯನಗಳ ಪ್ರತಿಶತ ಹತ್ತಿರವಾಗಿರುವುದನ್ನು ಪರಸ್ಪರ ದೃಢೀಕರಣ ಎನ್ನಲಾಗದು. ಆಯ್ಕೆಯ ನಿಯಮ ಬೇರೆ, ವಿಧಾನ ಬೇರೆ, ನೋಡಿದ ವಂಶವಾಹಿಗಳ ಸಂಖ್ಯೆಯೂ ಬೇರೆ.

4.5. ಈ 28 ಅಥವಾ 30 ಪ್ರತಿಶತವು 3ನೇ ಭಾಗದ (ಆ)ಗೆ ಸೇರಿದ್ದು. ‘ಕುಟುಂಬದಲ್ಲಿ ಇದ್ದರೆ ನೂರಕ್ಕೆ 28 ಮಂದಿಗೆ ಕ್ಯಾನ್ಸರ್’ ಎಂಬ ಅರ್ಥ ಅದಕ್ಕಿಲ್ಲ.

5. 185ಡೆಲ್‌ಎಜಿ

5.1. ಮೇಲಿನ 61 ಮಂದಿಯಲ್ಲಿ 10 ಮಂದಿಗೆ ಒಂದೇ ದೋಷವಿತ್ತು: ಬಿಆರ್‌ಸಿಎ1ರ 185ಡೆಲ್‌ಎಜಿ. ಪ್ರಮಾಣ 16.4 ಪ್ರತಿಶತ, ವಿಶ್ವಾಸಾಂತರ 9.2ರಿಂದ 27.6. ಬಿಆರ್‌ಸಿಎ1ರ 15 ದೋಷಗಳಲ್ಲಿ ಮೂರನೇ ಎರಡು ಭಾಗ ಇದೊಂದೇ. ಎರಡು ಅಕ್ಷರಗಳು (ಎ ಮತ್ತು ಜಿ) ಬಿಟ್ಟುಹೋಗುವುದರಿಂದ 23ನೇ ಅಮೈನೊ ಆಮ್ಲದಿಂದ ಓದಿನ ಚೌಕಟ್ಟು ಸರಿದು, 39ನೇ ಸ್ಥಾನದಲ್ಲಿ ಪ್ರೋಟೀನು ನಿಂತುಬಿಡುತ್ತದೆ. ಪೂರ್ಣ ಪ್ರೋಟೀನಿನ ಉದ್ದ 1,863 ಅಮೈನೊ ಆಮ್ಲಗಳು.

5.2. ವರದಿಗಳಲ್ಲಿ ಈ ದೋಷ 185ಡೆಲ್‌ಎಜಿ, 187ಡೆಲ್‌ಎಜಿ ಮತ್ತು ಸಿ.68_69ಡೆಲ್ ಎಂಬ ಮೂರು ಹೆಸರುಗಳಲ್ಲಿ ಕಾಣುತ್ತದೆ. ಮೂರೂ ಒಂದೇ. ಆ ಜಾಗದಲ್ಲಿ ಎ-ಜಿ ಜೋಡಿ ಎರಡು ಸಲ ಒತ್ತಟ್ಟಿಗೆ ಬರುವುದರಿಂದ ಯಾವ ಜೋಡಿ ಬಿಟ್ಟಿತೆಂದು ಹೇಳುವಂತಿಲ್ಲ. ಎಡದ್ದೆಂದು ಎಣಿಸಿದರೆ 185, ಬಲದ್ದೆಂದರೆ 187. ಹಳೆಯ ಎಣಿಕೆ ಆರ್‌ಎನ್‌ಎ ಅನುಕ್ರಮದ ಮೊದಲಿನಿಂದ, ಹೊಸದು ಪ್ರೋಟೀನು ಆರಂಭವಾಗುವ ಸ್ಥಾನದಿಂದ. ನಡುವಿನ ವ್ಯತ್ಯಾಸ 119, ಆದ್ದರಿಂದ 187 ಇಲ್ಲಿ 68 ಆಗುತ್ತದೆ. ಅಕ್ಕನ ಹಳೆಯ ವರದಿಯಲ್ಲಿ ಒಂದು ಹೆಸರು, ತಂಗಿಯ ಹೊಸ ವರದಿಯಲ್ಲಿ ಇನ್ನೊಂದು ಇದ್ದರೆ ಇಬ್ಬರದೂ ಬೇರೆ ದೋಷವೆಂದು ತೀರ್ಮಾನಿಸುವ ಅಪಾಯ ನಿಜವಾದದ್ದು.

5.3. ಇದೇ ದೋಷ ಅಶ್ಕೆನಾಜಿ ಯಹೂದಿಗಳಲ್ಲಿ ಸುಮಾರು 1 ಪ್ರತಿಶತ ಮಂದಿಯಲ್ಲಿದೆ. ದಕ್ಷಿಣ ಭಾರತದಲ್ಲೂ ಸಿಕ್ಕಿದ್ದರಿಂದ ಹಳೆಯ ವಲಸೆಯ ಸಾಧ್ಯತೆ ಚರ್ಚೆಗೆ ಬಂತು. ಕಡಲ್ಮಣಿ ಮತ್ತು ಸಹಲೇಖಕರು ‘ನಿಯೋಪ್ಲಾಸ್ಮಾ’ದಲ್ಲಿ 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಭಾರತೀಯ ಕುಟುಂಬವೊಂದರ ಹ್ಯಾಪ್ಲೊಟೈಪನ್ನು (ದೋಷದ ಆಸುಪಾಸಿನಲ್ಲಿ ಒಟ್ಟಾಗಿ ಬರುವ ಡಿಎನ್‌ಎ ಗುರುತುಗಳ ಸಾಲನ್ನು) ಪರಿಶೀಲಿಸಿ, ಅದು ಯಹೂದಿ ಹ್ಯಾಪ್ಲೊಟೈಪಿಗಿಂತ ಭಿನ್ನ, ದೋಷ ಇಲ್ಲಿ ಸ್ವತಂತ್ರವಾಗಿ ಹುಟ್ಟಿರಬೇಕು ಎಂದರು. ಆಧಾರ ಒಂದು ಕುಟುಂಬದ್ದು. ದಕ್ಷಿಣ ಭಾರತದ ಎಲ್ಲ ವಾಹಕರೂ ಅದೇ ಮೂಲದವರೆಂಬ ತೀರ್ಮಾನಕ್ಕೆ ಅದು ಸಾಲದು. 2009ರ ಲೇಖನದ ಸಾರಾಂಶ ರೋಗಿಗಳನ್ನು ‘ದಕ್ಷಿಣ ಭಾರತ’ದವರೆಂದು ಒಟ್ಟಾಗಿ ಗುರುತಿಸುತ್ತದೆ. ಅದರ ಬಲದಿಂದ ಮಾಗಡಿ ಸೀಮೆಯ ಯಾವುದೇ ಸಮುದಾಯದ ಬಗ್ಗೆ ಹೇಳಿಕೆ ಕೊಡುವುದು ಸಲ್ಲದು.

6. ವಾಹಕರ ಅಪಾಯದ ಅಂಕಿಗಳಲ್ಲಿನ ಅಂತರ

ಆಂಟೊನಿಯು ಮತ್ತು ಸಂಗಡಿಗರು (2003) ಕೌಟುಂಬಿಕ ಇತಿಹಾಸ ನೋಡದೆ ಆಯ್ದ 8,139 ರೋಗಿಗಳ ಸಂಬಂಧಿಕರಿಂದ ಅಂದಾಜಿಸಿದಂತೆ 70 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಂಭವ ಬಿಆರ್‌ಸಿಎ1 ವಾಹಕರಲ್ಲಿ 65, ಬಿಆರ್‌ಸಿಎ2 ವಾಹಕರಲ್ಲಿ 45 ಪ್ರತಿಶತ. ಕುಕೆನ್‌ಬೇಕರ್ ಮತ್ತು ಸಂಗಡಿಗರು (2017) ವಾಹಕರನ್ನೇ ಮುಂದಕ್ಕೆ ಅನುಸರಿಸಿ, 80 ವರ್ಷದೊಳಗೆ 72 (ಅವರೇ ಕೊಟ್ಟ ವಿಶ್ವಾಸಾಂತರ 65–79) ಮತ್ತು 69 (61–77) ಪ್ರತಿಶತ ಎಂದರು. ಅಂಡಾಶಯದ ಕ್ಯಾನ್ಸರ್‌ಗೆ ಇವು 44 ಮತ್ತು 17. ವಯೋಮಿತಿ, ಆಯ್ಕೆ ಎರಡೂ ಬೇರೆಯಾದ್ದರಿಂದ ಬಿಆರ್‌ಸಿಎ2ರ 45 ಮತ್ತು 69ನ್ನು ವಿರೋಧವೆಂದು ಓದಬೇಕಿಲ್ಲ.

ಸೋಲೂರಿನ ದೃಷ್ಟಿಯಿಂದ ಹೆಚ್ಚು ಮಹತ್ವದ್ದು ಕಿಂಗ್ ಮತ್ತು ಸಂಗಡಿಗರು ನ್ಯೂಯಾರ್ಕ್‌ನಲ್ಲಿ ನಡೆಸಿದ ಅಧ್ಯಯನ (2003). ವಾಹಕರಲ್ಲಿ 50 ವರ್ಷದೊಳಗೆ ರೋಗ ಬರುವ ಸಂಭವ 1940ಕ್ಕೆ ಮೊದಲು ಹುಟ್ಟಿದವರಲ್ಲಿ 24 ಪ್ರತಿಶತ, ಆಮೇಲೆ ಹುಟ್ಟಿದವರಲ್ಲಿ 67. ದೋಷ ಅದೇ, ಜನಸಮೂಹ ಅದೇ, ಹುಟ್ಟಿದ ಕಾಲ ಮಾತ್ರ ಬೇರೆ. ಅಜ್ಜಿ ವಾಹಕಿಯಾಗಿದ್ದೂ ಎಂಬತ್ತರವರೆಗೆ ಆರೋಗ್ಯವಾಗಿದ್ದಿರಬಹುದು, ಮೊಮ್ಮಗಳಿಗೆ ಮೂವತ್ತೆಂಟಕ್ಕೇ ರೋಗ ಬರಬಹುದು. ಬೇಗ ಮದುವೆ, ಹೆಚ್ಚು ಹೆರಿಗೆ, ದೀರ್ಘಕಾಲ ಮೊಲೆಯೂಡಿಸುವುದು, ಮೈಮುರಿವ ದುಡಿಮೆ ಇವೆಲ್ಲ ಒಂದೆರಡು ತಲೆಮಾರಿನಲ್ಲಿ ಬದಲಾದ ಊರುಗಳಲ್ಲಿ ಇಂಥ ಅಂತರ ನಿರೀಕ್ಷಿಸಬಹುದಾದದ್ದು. ಆದರೆ ನ್ಯೂಯಾರ್ಕಿನ ಪ್ರತಿಶತವನ್ನೇ ಇಲ್ಲಿಗೆ ತರುವುದು ಸರಿಯಲ್ಲ.

7. ರಕ್ತಸಂಬಂಧದ ಮದುವೆ ಮತ್ತು ‘ಹಂತ’ದ ಲೆಕ್ಕ

7.1. ಅಪಾಯದ ನಮೂನೆಗಳು ಸಂಬಂಧಿಕರನ್ನು ಮೊದಲ ಹಂತ, ಎರಡನೇ ಹಂತ ಎಂದು ವಿಂಗಡಿಸುತ್ತವೆ, ತಾಯಿಯ ಕಡೆ ಮತ್ತು ತಂದೆಯ ಕಡೆ ಬೇರೆ ಬೇರೆ ರಕ್ತವೆಂದು ಭಾವಿಸುತ್ತವೆ. ಬಿಟ್ಟಲ್ಸ್, ಅಪ್ಪಾಜಿರಾವ್ ಮತ್ತು ಸಂಗಡಿಗರು ಕರ್ನಾಟಕದಲ್ಲಿ 1980–89ರ ಅವಧಿಗೆ ಮಾಡಿದ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಭಾಗ ಮದುವೆಗಳು ರಕ್ತಸಂಬಂಧದೊಳಗೆ ನಡೆದವು, ಅವುಗಳಲ್ಲಿ ಸೋದರಮಾವನೊಂದಿಗಿನ ಮದುವೆಯ ಪಾಲು ದೊಡ್ಡದು. ಆ ಅವಧಿಯ ಮದುವೆಗಳ ಮಕ್ಕಳು ಈಗ ಮೂವತ್ತು ದಾಟಿದವರು, ಸ್ತನ ಕ್ಯಾನ್ಸರ್‌ನ ಅಪಾಯ ಏರುವ ವಯಸ್ಸಿಗೆ ಬಂದವರು.

7.2. ತನ್ನ ಸೋದರಮಾವನನ್ನು ಮದುವೆಯಾದ ಹೆಣ್ಣಿನ ಮಗಳನ್ನು ತೆಗೆದುಕೊಳ್ಳೋಣ. ಅವಳಿಗೆ ತಾಯಿಯ ತಾಯಿಯೂ ತಂದೆಯ ಒಡಹುಟ್ಟಿದ ಅಕ್ಕನೂ ಒಬ್ಬರೇ: ಅಜ್ಜಿಯೂ ಅವರೇ, ಸೋದರತ್ತೆಯೂ ಅವರೇ. ಆ ಅಜ್ಜಿ ಬಿಆರ್‌ಸಿಎ1 ವಾಹಕಿಯೆಂದು ಖಚಿತವಾಗಿದೆ ಎನ್ನೋಣ. ನಮೂನೆಯ ಪ್ರಕಾರ ಅಜ್ಜಿ ಎರಡನೇ ಹಂತ, ಮೊಮ್ಮಗಳು ವಾಹಕಿಯಾಗುವ ಸಂಭವ 1/4. ನಿಜವಾದ ಲೆಕ್ಕ ಹೀಗಿದೆ. ತಾಯಿಯ ಮೂಲಕ ದೋಷ ಬರುವ ಸಂಭವ 1/4. ಅಜ್ಜಿಗೆ ದೋಷ ತಮ್ಮ ತಂದೆ ಅಥವಾ ತಾಯಿಯಿಂದ ಬಂದದ್ದಾದರೆ ಅವರ ತಮ್ಮನಿಗೂ, ಅಂದರೆ ಈ ಮಗಳ ತಂದೆಗೂ, ಅದು ಇರುವ ಸಂಭವ 1/2, ಅವರಿಂದ ಮಗಳಿಗೆ ಬರುವುದು 1/4. ಎರಡು ದಾರಿಗಳಲ್ಲಿ ಒಂದಾದರೂ ಫಲಿಸುವ ಸಂಭವ 1 − (3/4 × 3/4) = 7/16, ಅಂದರೆ 43.75 ಪ್ರತಿಶತ. ಎರಡೂ ಪ್ರತಿಗಳಲ್ಲಿ ದೋಷ ಸೇರುವ ಸಂಭವ 1/16. ಬಿಆರ್‌ಸಿಎ1ರಲ್ಲಿ ಅಂಥ ಭ್ರೂಣ ಸಾಮಾನ್ಯವಾಗಿ ಉಳಿಯುವುದಿಲ್ಲ, ಬಿಆರ್‌ಸಿಎ2ರಲ್ಲಿ ಫ್ಯಾಂಕೋನಿ ರಕ್ತಹೀನತೆಯಾಗಿ ಬಾಲ್ಯದಲ್ಲೇ ಕಾಣಿಸಿಕೊಳ್ಳಬಹುದು. ಈ 1/16ನ್ನು ಬಿಟ್ಟರೆ ಬದುಕಿ ಬೆಳೆದ ಮಗಳು ವಾಹಕಿಯಾಗಿರುವ ಸಂಭವ 6/15, ಸರಿಯಾಗಿ 40 ಪ್ರತಿಶತ. ಎರಡನೇ ಹಂತದ 25ಕ್ಕಿಂತ ಇದು ಮೊದಲ ಹಂತದ 50ಕ್ಕೆ ಹೆಚ್ಚು ಸಮೀಪ.

7.3. ತಾಯಿ ಮದುವೆಯಾದದ್ದು ಸೋದರಮಾವನ ಮಗನನ್ನಾದರೆ ತಂದೆಯ ಮೂಲಕ ಬರುವ ಸಂಭವ 1/8ಕ್ಕೆ ಇಳಿಯುತ್ತದೆ. ಒಟ್ಟು 1 − (3/4 × 7/8) = 11/32. ಎರಡೂ ಪ್ರತಿಗಳ 1/32ನ್ನು ಬಿಟ್ಟರೆ 10/31, ಅಂದರೆ ಸುಮಾರು 32.3 ಪ್ರತಿಶತ.

7.4. ಇದೇ ಸಂದರ್ಭ ವಿರುದ್ಧ ದಿಕ್ಕಿನ ತಪ್ಪಿಗೂ ದಾರಿ ಮಾಡುತ್ತದೆ. ‘ತಾಯಿಯ ಕಡೆ: ಅಜ್ಜಿ’, ‘ತಂದೆಯ ಕಡೆ: ಸೋದರತ್ತೆ’ ಎಂದು ಎರಡು ಕಾಲಂಗಳಲ್ಲಿ ಒಬ್ಬರನ್ನೇ ಬರೆದರೆ ಇಬ್ಬರು ರೋಗಿಗಳಿದ್ದಂತೆ ಎಣಿಕೆಯಾಗುತ್ತದೆ.

7.5. ಮಿತಿಗಳು. ಅಜ್ಜಿಗೆ ದೋಷ ಹೊಸದಾಗಿ ಹುಟ್ಟಿದ್ದಲ್ಲ, ತಂದೆ ಅಜ್ಜಿಯ ಒಡಹುಟ್ಟಿದವರೇ, ತಾತ ವಾಹಕರಲ್ಲ ಎಂಬ ಊಹೆಗಳು ಈ ಲೆಕ್ಕದಲ್ಲಿವೆ. ಅಜ್ಜಿಗೆ ರೋಗವಿತ್ತು ಎಂಬುದಷ್ಟೇ ಗೊತ್ತಿದ್ದು ದೋಷ ಖಚಿತವಾಗಿಲ್ಲದಿದ್ದರೆ, ಅವರು ವಾಹಕಿಯಾಗಿದ್ದ ಸಂಭವದಿಂದ ಮತ್ತೆ ಗುಣಿಸಬೇಕು. ಫಲ ಬಹಳ ಕಡಿಮೆಯಾಗುತ್ತದೆ. ಸಂಬಂಧದೊಳಗಿನ ಮದುವೆಯೇ ಸ್ತನ ಕ್ಯಾನ್ಸರ್‌ಗೆ ಕಾರಣವೆಂದು ಈ ಲೆಕ್ಕ ಹೇಳುವುದಿಲ್ಲ. ದೋಷವಿಲ್ಲದ ಮನೆತನದಲ್ಲಿ ಇದರಿಂದ ಯಾವ ವ್ಯತ್ಯಾಸವೂ ಬಾರದು.

8. ದಾಖಲಿಸುವಾಗ

8.1. ಆಶಾ ಕಾರ್ಯಕರ್ತೆಯರು 30 ದಾಟಿದವರ ಮನೆಮನೆಗೆ ಹೋಗಿ ತುಂಬುವ ಅಸಾಂಕ್ರಾಮಿಕ ರೋಗಗಳ ಸಮುದಾಯ ಪರಿಶೀಲನಾ ಪಟ್ಟಿಯಲ್ಲಿ ಕೌಟುಂಬಿಕ ಇತಿಹಾಸದ ಪ್ರಶ್ನೆ ಇದೆ. ಅದು ರಕ್ತದೊತ್ತಡ, ಸಕ್ಕರೆ ಕಾಯಿಲೆ ಮತ್ತು ಹೃದ್ರೋಗಕ್ಕೆ, ಅದೂ ತಂದೆ-ತಾಯಿ ಮತ್ತು ಒಡಹುಟ್ಟಿದವರಿಗೆ ಸೀಮಿತ. ಸ್ತನದ ಗಂಟು, ತೊಟ್ಟಿನಿಂದ ರಕ್ತಮಿಶ್ರಿತ ಸ್ರಾವ, ಆಕಾರದ ಬದಲಾವಣೆ ಲಕ್ಷಣಗಳಾಗಿ ಪಟ್ಟಿಯಲ್ಲಿವೆ, ಕ್ಯಾನ್ಸರ್‌ನ ಕೌಟುಂಬಿಕ ಇತಿಹಾಸ ಅಂಕಕ್ಕೆ ಸೇರಿಲ್ಲ. 2016ರ ಕೇಂದ್ರ ಮಾರ್ಗಸೂಚಿಯ ಸ್ತನ ಪರೀಕ್ಷೆಯೂ (30ರಿಂದ 65 ವರ್ಷ, 5 ವರ್ಷಕ್ಕೊಮ್ಮೆ) ವಯಸ್ಸನ್ನೇ ಆಧಾರವಾಗಿ ಹಿಡಿದದ್ದು. ಈ ಪಟ್ಟಿಗೆ ಒಂದು ಸಾಲು ಸೇರಿಸಿದರೆ ಸಿಗುವ ಮಾಹಿತಿ ಗಣನೀಯವೆಂಬುದು ಈ ಲೇಖಕರ ಅಭಿಪ್ರಾಯ.

8.2. ಆ ಸಾಲಿನಲ್ಲಿ ಸಂಬಂಧದ ಹೆಸರಷ್ಟೇ ಸಾಲದು. ‘ಚಿಕ್ಕಮ್ಮನಿಗೆ ಎದೆ ಗಡ್ಡೆ ಆಗಿತ್ತು’ ಎಂದರೆ ಆ ಚಿಕ್ಕಮ್ಮ ತಾಯಿಯ ತಂಗಿಯೂ ಆಗಬಹುದು, ಚಿಕ್ಕಪ್ಪನ ಹೆಂಡತಿಯೂ ಆಗಬಹುದು. ಮೊದಲನೆಯದರಲ್ಲಿ ರಕ್ತಸಂಬಂಧವಿದೆ, ಎರಡನೆಯದರಲ್ಲಿ ಇರಬೇಕೆಂದಿಲ್ಲ. ದೊಡ್ಡಮ್ಮನ ಮಗಳೂ ಅಕ್ಕನೇ. ಅವಳನ್ನು ಒಡಹುಟ್ಟಿದವಳೆಂದು ಬರೆದರೆ ಮೂರನೇ ಹಂತ ಮೊದಲನೆಯದಾಗುತ್ತದೆ. ‘ಯಾರ ಹೊಟ್ಟೆಯಲ್ಲಿ ಹುಟ್ಟಿದವರು’ ಎಂದು ಕೇಳಿ ಬರೆಯುವುದು ಸುರಕ್ಷಿತ. ತಂದೆಯ ಕಡೆಯನ್ನೂ ಅಷ್ಟೇ ನಿಖರವಾಗಿ ಕೇಳಬೇಕು, ಗಂಡಸರೂ ವಾಹಕರಾಗಿ ಪ್ರತಿ ಮಗಳಿಗೆ 1/2ರ ಸಂಭವದಲ್ಲಿ ದೋಷವನ್ನು ದಾಟಿಸುತ್ತಾರೆ. ‘ಗರ್ಭಕೋಶದ ಗಡ್ಡೆ’, ‘ಹೊಟ್ಟೆಯಲ್ಲಿ ನೀರು ತುಂಬಿ ಹೋದರು’ ಎಂಬ ಹೇಳಿಕೆಗಳು ಕೆಲವೊಮ್ಮೆ ಅಂಡಾಶಯದ ಕ್ಯಾನ್ಸರನ್ನು ಸೂಚಿಸಬಹುದು. ಅವನ್ನು ಹೇಳಿದ ಮಾತಿನಲ್ಲೇ, ವಯಸ್ಸಿನೊಂದಿಗೆ ಬರೆದುಕೊಳ್ಳಬೇಕು. ರೋಗದ ಹೆಸರಿಗೆ ತರ್ಜುಮೆ ಮಾಡುವುದು ದಾಖಲಿಸುವವರ ಕೆಲಸವಲ್ಲ.

8.3. ಪರೀಕ್ಷೆಯ ಕ್ರಮ. ರೋಗವಿಲ್ಲದ ಮಗಳಲ್ಲಿ ‘ದೋಷ ಸಿಗಲಿಲ್ಲ’ ಎಂಬ ವರದಿಗೆ ಪೂರ್ಣ ಅರ್ಥ ಬರುವುದು ಆ ಮನೆತನದ ದೋಷ ಯಾವುದೆಂದು ಮೊದಲೇ ಗೊತ್ತಿದ್ದಾಗ. ಆದ್ದರಿಂದ ರೋಗ ಬಂದು ಬದುಕಿರುವವರಿಂದ ಪರೀಕ್ಷೆ ಆರಂಭಿಸುವುದು ರೂಢಿ. ಅವರು ತೀರಿಕೊಂಡಿದ್ದರೆ, ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಮೇಣದಲ್ಲಿ ಹುದುಗಿಸಿಟ್ಟ ಅಂಗಾಂಶದಿಂದ ಡಿಎನ್‌ಎ ತೆಗೆಯುವುದು ಕೆಲವೊಮ್ಮೆ ಸಾಧ್ಯ, ಗುಣಮಟ್ಟ ಮಾತ್ರ ಕಡಿಮೆ. ಅದಕ್ಕೆ ರೋಗಿಯ ಆಸ್ಪತ್ರೆ ಸಂಖ್ಯೆ, ಬಯಾಪ್ಸಿ ಸಂಖ್ಯೆ ಮತ್ತು ವರ್ಷ ಬೇಕಾಗುತ್ತವೆ. ಹಳೆಯ ವರದಿ ಮನೆಯಲ್ಲಿ ಉಳಿದಿದ್ದರೆ ಪಟ್ಟಿಯಲ್ಲಿ ಈ ಮೂರನ್ನೂ ಗುರುತು ಮಾಡಿಕೊಳ್ಳಬೇಕು, ವಿಳಾಸದಲ್ಲಿ ಅಂದಿನ ಜಿಲ್ಲೆಯ ಹೆಸರು ಏನಿದೆಯೋ ಅದನ್ನು ತಿದ್ದದೆ.